ಕಂಬೈನಲ್ಲೂರಿನಲ್ಲಿ ಜಾಗ, ಹೆದ್ದಾರಿಯ ಊರುಗಳಲ್ಲಿ ಗಿರಾಕಿ: ಸಾಕುಪ್ರಾಣಿಗಳ ಅಂತ್ಯಕ್ರಿಯೆ ಸೇವೆಗೆ ಆನ್‌ಲೈನ್ ಪ್ರಚಾರ, ಹಂತ ಹಂತವಾಗಿ

ತಮಿಳುನಾಡಿನ ಧರ್ಮಪುರಿ ಕಡೆಯ ಕಂಬೈನಲ್ಲೂರಿನಲ್ಲಿ ನಾಯಿ ಸತ್ತರೆ ಯಾರೂ ಗೂಗಲ್ ತೆರೆಯುವುದಿಲ್ಲ. ಹಿತ್ತಲಿದೆ, ಹೊಲದ ಬದುವಿದೆ, ತೆಂಗಿನ ಬುಡವಿದೆ. ಗುದ್ದಲಿ ಹಿಡಿದು ಹೋಗಿ ಹೂತು ಬರುತ್ತಾರೆ. ಇಂಥ ಊರಲ್ಲಿ ಸಾಕುಪ್ರಾಣಿಗಳಿಗೆ ಸ್ಮಶಾನವೋ ಚಿತಾಗಾರವೋ ಮಾಡುತ್ತೇನೆಂದರೆ ‘ಯಾರಪ್ಪ ಬರ್ತಾರೆ?’ ಎಂದು ಕೇಳುವುದು ಸಹಜ. ಕೇಳುವವರು ತಪ್ಪೇನೂ ಕೇಳುತ್ತಿಲ್ಲ.

ಬರುವವರು ಊರವರಲ್ಲ. ಧರ್ಮಪುರಿಯ ಬಾಡಿಗೆ ಮನೆಯವರು, ಕೃಷ್ಣಗಿರಿಯ ಎರಡನೇ ಮಹಡಿಯವರು, ಸೇಲಂ ಮತ್ತು ಹೊಸೂರಿನ ಅಪಾರ್ಟ್‌ಮೆಂಟಿನವರು. ಈ ನಾಲ್ಕೂ ಊರುಗಳನ್ನು 44ನೇ ರಾಷ್ಟ್ರೀಯ ಹೆದ್ದಾರಿ ಪೋಣಿಸಿಕೊಂಡು ಹೋಗಿದೆ. ಅಲ್ಲಿಯವರ ಹತ್ತಿರ ನಾಯಿ ಇದೆ, ಬೆಕ್ಕಿದೆ, ಖರ್ಚು ಮಾಡುವ ಮನಸ್ಸೂ ಇದೆ. ಮೂರಡಿ ಮಣ್ಣು ಮಾತ್ರ ಇಲ್ಲ. ನಿಮ್ಮ ಹತ್ತಿರ ಅದೊಂದು ಇದೆ. ಆ ಎರಡನ್ನು ಸೇರಿಸುವ ಕೆಲಸಕ್ಕೇ ಇಲ್ಲಿ ಮಾರ್ಕೆಟಿಂಗ್ ಎನ್ನುತ್ತಿರುವುದು.

ಸೀರೆ, ಮೊಬೈಲು, ಮಾವಿನಹಣ್ಣು ಮಾರುವವರು ಜನರಲ್ಲಿ ಆಸೆ ಹುಟ್ಟಿಸಬಹುದು. ಈ ವ್ಯಾಪಾರದಲ್ಲಿ ಅದು ಸಾಧ್ಯವಿಲ್ಲ, ಸಾಧ್ಯವಿದ್ದರೂ ಮಾಡಬಾರದು. ನಿಮ್ಮ ಸೇವೆ ಬೇಕಾಗುವುದು ಒಂದು ಮನೆಗೆ ಹತ್ತು ಹನ್ನೆರಡು ವರ್ಷಕ್ಕೊಮ್ಮೆ, ಅದೂ ಒಂದೆರಡು ಗಂಟೆಯೊಳಗೆ. ಆ ಹೊತ್ತಿನಲ್ಲಿ ನೀವು ಸಿಗಬೇಕು, ಫೋನ್ ಎತ್ತಬೇಕು, ರೇಟು ಹೇಳಬೇಕು, ಹೇಳಿದಂತೆ ನಡೆದುಕೊಳ್ಳಬೇಕು. ಮುಂದಿನ ಹಂತಗಳೆಲ್ಲ ಇಷ್ಟಕ್ಕೆ ತಯಾರಿ.

ಹಂತ 1: ಕಾಗದ ಮೊದಲು, ಫೋಟೋ ಆಮೇಲೆ

ಇನ್‌ಸ್ಟಾಗ್ರಾಂ ಪುಟ ತೆರೆಯುವ ಮೊದಲು ಪಟ್ಟಣ ಪಂಚಾಯ್ತಿ ಕಚೇರಿಗೆ ಹೋಗಿ ಬನ್ನಿ. ಜಮೀನಿನ ದಾಖಲೆ, ಅಲ್ಲಿ ಪ್ರಾಣಿಗಳನ್ನು ಹೂಳಲು ಅಥವಾ ಸುಡಲು ಅನುಮತಿ, ಕುಲುಮೆ ಹಾಕುವುದಾದರೆ ತಮಿಳುನಾಡು ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ: ಇವುಗಳ ವಿಚಾರ ಬರಹದಲ್ಲೇ ಕೇಳಿ, ಬರಹದಲ್ಲೇ ಉತ್ತರ ಪಡೆಯಿರಿ. ಕಾಗದವಿಲ್ಲದೆ ಪ್ರಚಾರಕ್ಕಿಳಿದರೆ ಏನಾಗುತ್ತದೆ? ಪಕ್ಕದ ಹೊಲದವರು ಹೊಗೆಯ ವಿಡಿಯೋ ಹಾಕುತ್ತಾರೆ. ನಿಮ್ಮ ಹೆಸರು ಹುಡುಕಿದವರಿಗೆ ಮೊದಲು ಸಿಗುವುದು ಆ ವಿಡಿಯೋ.

ಗುಂಡಿಯ ವಿಷಯದಲ್ಲೂ ಒಂದು ಅಳತೆ ಇಟ್ಟುಕೊಳ್ಳಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಆಳವಾಗಿ ಹೂಳುವುದಕ್ಕೆ ಸುಮಾರು 2 ಮೀಟರ್ ಗುಂಡಿ, ಮೇಲೆ ಸುಣ್ಣ, ಅದರ ಮೇಲೆ ಮಣ್ಣು ಎನ್ನುತ್ತವೆ. ಹತ್ತಿರ ಆಳವಿಲ್ಲದ ಬಾವಿ ಇರಬಾರದೆನ್ನುತ್ತವೆ. ಅದು ಆಸ್ಪತ್ರೆಗಳಿಗೆ ಬರೆದ ನಿಯಮ ನಿಜ. ಆದರೂ ಆ ಮಟ್ಟಕ್ಕೆ ಕೆಲಸ ಮಾಡುವವರು ಧೈರ್ಯವಾಗಿ ವೆಬ್‌ಸೈಟಿನಲ್ಲಿ ಬರೆದುಕೊಳ್ಳಬಹುದು. ಚುಚ್ಚುಮದ್ದು ಕೊಟ್ಟು ದಯಾಮರಣ ಮಾಡಿಸಿದ ನಾಯಿಯ ದೇಹದಲ್ಲಿ ಆ ಔಷಧ ಉಳಿದಿರುತ್ತದೆ. ಮೇಲುಮೇಲೆ ಹೂತರೆ ನರಿ, ಬೀದಿನಾಯಿ, ಹದ್ದು ಕೆದರಿ ತಿಂದು ಅವೂ ಸಾಯಬಹುದು. ರೇಬಿಸ್ ಶಂಕೆಯಿದ್ದರೆ ಪಶುವೈದ್ಯರ ಮಾತಿಲ್ಲದೆ ದೇಹ ಮುಟ್ಟಬೇಡಿ. ಇವೆಲ್ಲ ಮಾರ್ಕೆಟಿಂಗ್ ಪಾಠದಲ್ಲಿ ಯಾಕೆ ಬಂತು ಅಂದರೆ, ಮೊದಲ ತಿಂಗಳು ನಿಮಗೆ ಬರುವ ಪ್ರಶ್ನೆಗಳು ಇವೇ.

ಹಂತ 2: ಏನು ಮಾಡಿಕೊಡುತ್ತೀರೆಂದು ಒಂದು ಹಾಳೆಯಲ್ಲಿ ಬರೆಯಿರಿ

ಈ ವ್ಯಾಪಾರದಲ್ಲಿ ನಂಬಿಕೆ ಕೆಡುವುದು ಬೂದಿಯ ವಿಷಯದಲ್ಲಿ. ‘ಇದು ನಮ್ಮ ಟಾಮಿಯದೇ ಬೂದಿ ಅಂತ ಏನು ಗ್ಯಾರಂಟಿ?’ ಬಾಯಿಬಿಟ್ಟು ಕೇಳದವರ ಮನಸ್ಸಿನಲ್ಲೂ ಈ ಪ್ರಶ್ನೆ ಇದ್ದೇ ಇರುತ್ತದೆ. ಆದ್ದರಿಂದ ಮೊದಲೇ ವಿಂಗಡಿಸಿ. ಕುಲುಮೆಯಲ್ಲಿ ಒಂದೇ ಪ್ರಾಣಿಯನ್ನಿಟ್ಟು ಸುಟ್ಟು, ಬೂದಿ ಕೊಡುವುದು ಒಂದು. ಹಲವನ್ನು ಒಟ್ಟಿಗೆ ಸುಟ್ಟು, ಬೂದಿ ಕೊಡದಿರುವುದು ಇನ್ನೊಂದು. ಎರಡಕ್ಕೂ ಬೇರೆ ಹೆಸರು, ಬೇರೆ ರೇಟು. ಎರಡನೆಯದನ್ನು ಮಾಡಿ ಮೊದಲನೆಯದರ ಹಣ ತೆಗೆದುಕೊಳ್ಳುವವರು ಪ್ರಪಂಚದ ಎಲ್ಲ ಕಡೆ ಸಿಕ್ಕಿಬಿದ್ದಿದ್ದಾರೆ.

ಇದಕ್ಕೆ ಹೊರದೇಶದ ಚಿತಾಗಾರಗಳು ಕಂಡುಕೊಂಡ ಉಪಾಯ ಬಲು ಸರಳ. ನಂಬರ್ ಕೊರೆದ ಸಣ್ಣ ಲೋಹದ ಬಿಲ್ಲೆ. ದೇಹವನ್ನು ವಾಹನಕ್ಕೆ ಏರಿಸುವಾಗ ಆ ಬಿಲ್ಲೆಯನ್ನು ಅದಕ್ಕೆ ಕಟ್ಟುತ್ತಾರೆ, ಅದು ದೇಹದ ಜೊತೆಗೇ ಕುಲುಮೆಗೆ ಹೋಗುತ್ತದೆ, ಕೊನೆಗೆ ಬೂದಿಯ ಡಬ್ಬಿಯಲ್ಲಿ ಸುಟ್ಟು ಕಪ್ಪಾಗಿ ಸಿಗುತ್ತದೆ. ಬಾಗಿಲಲ್ಲಿ ಕೊಟ್ಟ ರಸೀದಿಯಲ್ಲಿರುವ ನಂಬರೂ ಅದೇ. ಸ್ಟೇನ್‌ಲೆಸ್ ಸ್ಟೀಲಿನ ಬಿಲ್ಲೆಗೆ ಖರ್ಚು ಅಲ್ಪ. ಆದರೆ ಅಂಗೈ ಮೇಲಿಟ್ಟ ಆ ಬಿಲ್ಲೆಯ ಒಂದು ಫೋಟೋ ನಿಮ್ಮ ಹತ್ತು ಜಾಹೀರಾತಿಗೆ ಸಮ.

ಬೂದಿ ಎಷ್ಟು ಸಿಗುತ್ತದೆ ಎಂಬುದನ್ನೂ ಮೊದಲೇ ಹೇಳಿ. ದೇಹದ ತೂಕದ ಪ್ರತಿ ಕಿಲೋಗೆ ಸುಮಾರು 35 ಮಿಲಿಲೀಟರ್ ಜಾಗ ಬೇಕು ಎಂಬುದು ಬೂದಿಪಾತ್ರೆ ತಯಾರಕರ ಲೆಕ್ಕ. 25 ಕಿಲೋ ಲ್ಯಾಬ್ರಡಾರ್ ಆದರೆ ಲೀಟರ್ ಡಬ್ಬಿ ತುಂಬುವುದಿಲ್ಲ. ಇದು ಗೊತ್ತಿಲ್ಲದ ಮನೆಯವರು ‘ಇಷ್ಟೇನಾ?’ ಎಂದು ಅನುಮಾನ ಪಡುತ್ತಾರೆ. ಆ ಅನುಮಾನ ಬೆಳೆದರೆ ಮರುದಿನ ಒಂದು ಸ್ಟಾರ್ ರಿವ್ಯೂ.

ದೊಡ್ಡ ಪ್ರಾಣಿಗಳನ್ನು ತೆಗೆದುಕೊಳ್ಳುತ್ತೀರಾ? ಈ ಸೀಮೆಯಲ್ಲಿ ಆ ಪ್ರಶ್ನೆ ಬಂದೇ ಬರುತ್ತದೆ. ಜಲ್ಲಿಕಟ್ಟು ಹೋರಿ ಸತ್ತರೆ ಹಾರ ಹಾಕಿ, ಮೆರವಣಿಗೆ ಮಾಡಿ ಹೂಳುವ ಊರುಗಳು ತಮಿಳುನಾಡಿನಲ್ಲಿ ಬೇಕಾದಷ್ಟಿವೆ. ಹಸು, ಎತ್ತು, ಹೋರಿಗೆ ಜೆಸಿಬಿ ಬೇಕು, ಬೇರೆ ವಾಹನ ಬೇಕು. ಇಲ್ಲವಾದರೆ ‘ನಾಯಿ, ಬೆಕ್ಕು, ಮೊಲ, ಹಕ್ಕಿ ಮಾತ್ರ’ ಎಂದು ದಪ್ಪ ಅಕ್ಷರದಲ್ಲಿ ಹಾಕಿಬಿಡಿ.

ಹಂತ 3: ಗೂಗಲ್ ನಕ್ಷೆಯಲ್ಲಿ ಗುರುತು

ಸಮಯ, ದುಡ್ಡು ಎರಡೂ ಕಡಿಮೆಯಿದ್ದು ಒಂದೇ ಕೆಲಸ ಮಾಡಲಾಗುವುದಾದರೆ ಇದನ್ನು ಮಾಡಿ. ಗೂಗಲ್ ಬಿಸಿನೆಸ್ ಪ್ರೊಫೈಲ್ ಪುಕ್ಕಟೆ. ಜಿಮೇಲ್ ಖಾತೆಯಿದ್ದರೆ ಸಾಕು. ‘ಡಾಗ್ ಕ್ರಿಮೇಶನ್ ನಿಯರ್ ಮಿ’ ಎಂದು ಅಳುತ್ತಾ ಟೈಪ್ ಮಾಡುವವರ ಪರದೆಯಲ್ಲಿ ನಕ್ಷೆಯ ಜೊತೆ ಕಾಣಿಸುವ ಎರಡು ಮೂರು ಹೆಸರು ಬರುವುದು ಇಲ್ಲಿಂದಲೇ.

ಹೆಸರಿನ ಜಾಗದಲ್ಲಿ ಬೋರ್ಡಿನ ಮೇಲಿರುವ ಹೆಸರನ್ನಷ್ಟೇ ಹಾಕಿ. ‘ಬೆಸ್ಟ್ ಪೆಟ್ ಕ್ರಿಮೇಶನ್ ಸೇಲಂ ಹೊಸೂರು ಧರ್ಮಪುರಿ 24 ಅವರ್ಸ್’ ಎಂದು ಬಾಲ ಸೇರಿಸಿದರೆ ಗೂಗಲ್ ಪ್ರೊಫೈಲನ್ನೇ ಅಮಾನತಿನಲ್ಲಿಡಬಹುದು. ವರ್ಗ ಆರಿಸುವಾಗ ಸಾಕುಪ್ರಾಣಿಯ ಅಂತ್ಯಕ್ರಿಯೆಗೆ ಅತಿ ಹತ್ತಿರವಾದದ್ದನ್ನು ಹುಡುಕಿ. ಪೆಟ್ ಶಾಪ್ ಎಂದೋ ಪಶು ಆಸ್ಪತ್ರೆ ಎಂದೋ ಹಾಕಿದರೆ ಮರಿ ಕೊಳ್ಳುವವರು, ಲಸಿಕೆ ಕೇಳುವವರು ಫೋನ್ ಮಾಡುತ್ತಾರೆ.

ಹೊಲಕ್ಕೆ ಡೋರ್ ನಂಬರ್ ಇರುವುದಿಲ್ಲ. ಆದ್ದರಿಂದ ನಕ್ಷೆಯ ಮೇಲಿನ ಸೂಜಿಯನ್ನು ಗೇಟಿನ ಮೇಲೇ ನೆಡಿ. ಬಾವಿಯ ಮೇಲಲ್ಲ, ಪಂಚಾಯ್ತಿ ಕಚೇರಿಯ ಮೇಲಲ್ಲ. ಗೂಗಲ್ ನಕ್ಷೆ ಆ ಜಾಗಕ್ಕೆ ಕೊಡುವ ಪ್ಲಸ್ ಕೋಡನ್ನು ಬರೆದಿಟ್ಟುಕೊಂಡು ಎಲ್ಲ ಕಡೆ ಅದನ್ನೇ ಕೊಡಿ. ಆಮೇಲೆ ಮೊರಪ್ಪೂರು ಕಡೆಯಿಂದ ಒಮ್ಮೆ, ಕಾರಿಮಂಗಲಂ ಕಡೆಯಿಂದ ಒಮ್ಮೆ, ಹರೂರು ಕಡೆಯಿಂದ ಒಮ್ಮೆ ನಕ್ಷೆ ಹೇಳಿದ ದಾರಿಯಲ್ಲೇ ನೀವೇ ಗಾಡಿ ಓಡಿಸಿ ನೋಡಿ, ರಾತ್ರಿ ಹೊತ್ತು. ಸತ್ತ ನಾಯಿಯನ್ನು ಹಿಂದಿನ ಸೀಟಿನಲ್ಲಿಟ್ಟುಕೊಂಡು ಬಂದವರು ಕತ್ತಲಲ್ಲಿ ಕಾಲುದಾರಿಗೆ ಸಿಕ್ಕಿಕೊಂಡರೆ ಅದು ನಿಮ್ಮ ತಪ್ಪು, ಗೂಗಲಿನದ್ದಲ್ಲ.

ಗುರುತು ಖಚಿತಪಡಿಸಲು ಗೂಗಲ್ ಬಹಳ ಸಲ ವಿಡಿಯೋ ಕೇಳುತ್ತದೆ. ಕತ್ತರಿಸದೆ ಒಂದೇ ಓಟದಲ್ಲಿ ತೆಗೆದ ವಿಡಿಯೋ ಬೇಕು. ರಸ್ತೆಯಿಂದ ಶುರು ಮಾಡಿ. ಅಕ್ಕಪಕ್ಕದ ಗುರುತು, ಬೋರ್ಡು, ನೀವೇ ಗೇಟಿನ ಬೀಗ ತೆಗೆಯುವುದು, ಒಳಗಿನ ಸಲಕರಣೆ, ಲೈಸೆನ್ಸು ಅಥವಾ ಕರೆಂಟ್ ಬಿಲ್ಲು. ಬೋರ್ಡು ಹಾಕುವ ಮೊದಲೇ ಇದಕ್ಕೆ ಕೈಹಾಕಿ ತಿರಸ್ಕೃತರಾಗುವವರೇ ಜಾಸ್ತಿ.

ಸೇವೆ ಕೊಡುವ ಪ್ರದೇಶಗಳೆಂದು 20 ಊರುಗಳವರೆಗೆ ಸೇರಿಸಬಹುದು. ನೆಲೆಯಿಂದ ಸುಮಾರು 2 ಗಂಟೆ ದಾರಿಯನ್ನು ಮೀರಬಾರದೆಂಬುದು ಗೂಗಲ್ ಸೂಚನೆ. ಕಂಬೈನಲ್ಲೂರಿನಿಂದ ಧರ್ಮಪುರಿ, ಹರೂರು, ಕೃಷ್ಣಗಿರಿ, ಸೇಲಂ ಸಲೀಸಾಗಿ ಇದರೊಳಗೆ ಬರುತ್ತವೆ, ಹೊಸೂರು ಅಂಚಿನಲ್ಲಿದೆ. ಹೊಸೂರಿನ ಪರಿಚಯಸ್ಥರ ಅಂಗಡಿ ವಿಳಾಸ ಕೊಟ್ಟು ಅಲ್ಲೊಂದು ಸುಳ್ಳು ಶಾಖೆ ತೆರೆಯುವ ಬುದ್ಧಿ ಯಾರಾದರೂ ಕೊಟ್ಟಾರು, ಬೇಡ. ಸಿಕ್ಕಿಬಿದ್ದರೆ ಅಸಲಿ ಪ್ರೊಫೈಲೂ ಹೋಗುತ್ತದೆ.

24 ಗಂಟೆ ತೆರೆದಿದೆ ಎಂದು ಹಾಕುವುದು ರಾತ್ರಿ ಎರಡಕ್ಕೆ ಫೋನ್ ಎತ್ತುವವರು ಮಾತ್ರ. ಬೆಳಿಗ್ಗೆ 6ರಿಂದ ರಾತ್ರಿ 10 ಎಂದು ಹಾಕಿ ಅದನ್ನು ಪಾಲಿಸುವುದು ಮೇಲು.

ಹಂತ 4: ವಾಟ್ಸಾಪ್, ಫೋನು, ರೇಟು

ಕುಟುಂಬದ ನಂಬರ್ ಬೇಡ, ಬೇರೆ ಸಿಮ್ ತೆಗೆದುಕೊಂಡು ವಾಟ್ಸಾಪ್ ಬಿಸಿನೆಸ್ ಹಾಕಿ. ಅದರಲ್ಲಿರುವ ಸೌಲಭ್ಯಗಳಲ್ಲಿ ನಿಮಗೆ ಬೇಕಾದವು ಮೂರೇ: ತಂತಾನೇ ಹೋಗುವ ಮೊದಲ ಉತ್ತರ, ಸಿದ್ಧ ಉತ್ತರಗಳು, ಬಣ್ಣದ ಲೇಬಲ್. ಕ್ಯಾಟಲಾಗಿನಲ್ಲಿ ಬೂದಿಪಾತ್ರೆಗಳನ್ನು ಸಾಲಾಗಿ ಜೋಡಿಸಿ ಅಂಗಡಿ ಮಾಡಬೇಡಿ. ದುಃಖದಲ್ಲಿರುವವರಿಗೆ ಹಿತ್ತಾಳೆಯದ್ದೋ ಪಿಂಗಾಣಿಯದ್ದೋ ಎಂದು ಕೇಳುವುದು ಅಸಹ್ಯ. ಬೇಕೆಂದು ಕೇಳಿದವರಿಗೆ ತೋರಿಸಿದರಾಯಿತು.

ಮೊದಲ ಉತ್ತರ ಹೇಗಿರಬೇಕು? ‘ನಮ್ಮನ್ನು ಸಂಪರ್ಕಿಸಿದ್ದಕ್ಕೆ ಧನ್ಯವಾದಗಳು, ನಮ್ಮ ಪ್ರತಿನಿಧಿ ಶೀಘ್ರದಲ್ಲೇ…’ ಎಂಬ ಬ್ಯಾಂಕಿನ ಭಾಷೆ ಇಲ್ಲಿ ನಡೆಯದು. ಹೀಗೆ ಬರೆದಿಟ್ಟುಕೊಳ್ಳಿ:

‘ನಿಮ್ಮ ಮೆಸೇಜ್ ಬಂತು. ಹತ್ತು ನಿಮಿಷದಲ್ಲಿ ನಾನೇ ಫೋನ್ ಮಾಡುತ್ತೇನೆ. ಅಲ್ಲಿಯವರೆಗೆ ಅದನ್ನು ತಂಪು ನೆಲದ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ. ಕಾಲುಗಳನ್ನು ಮೆಲ್ಲಗೆ ಒಳಕ್ಕೆ ಮಡಚಿ, ಸ್ವಲ್ಪ ಹೊತ್ತಿಗೆ ಮೈ ಸೆಟೆದುಕೊಳ್ಳುತ್ತದೆ. ಕೆಳಗೆ ಹಳೇ ಟವೆಲ್ ಇರಲಿ. ಬಾಯಿಂದಲೋ ಹಿಂದಿನಿಂದಲೋ ನೀರು ಒಸರಬಹುದು, ಗಾಬರಿಯಾಗಬೇಡಿ. ಬೆಳಗಿನವರೆಗೆ ಇಡಬೇಕಾದರೆ ಐಸ್ ಕಟ್ಟಿದ ನೀರಿನ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಹೊಟ್ಟೆಯ ಬಳಿ ಇಡಿ. ಯಾವ ಊರು, ಸುಮಾರು ಎಷ್ಟು ತೂಕ, ಇಷ್ಟು ತಿಳಿಸಿ ಸಾಕು.’

ಇದರಲ್ಲಿ ಮಾರಾಟದ ಮಾತು ಒಂದೂ ಇಲ್ಲ. ಆದರೆ ಆ ಹೊತ್ತಿನಲ್ಲಿ ಏನು ಮಾಡಬೇಕೆಂದು ತೋಚದೆ ಕೂತವರಿಗೆ ಕೈಗೊಂದು ಕೆಲಸ ಕೊಟ್ಟಿದ್ದೀರಿ. ಬೇರೆ ಯಾರಿಗೂ ಅವರು ಫೋನ್ ಮಾಡುವ ಸಂಭವ ಕಡಿಮೆ. ಧರ್ಮಪುರಿಯ ಏಪ್ರಿಲ್ ಬಿಸಿಲಿನಲ್ಲಿ ಈ ಐಸ್ ಬಾಟಲಿಯ ಮಾತು ಉಳಿದೆಲ್ಲಕ್ಕಿಂತ ಮುಖ್ಯ.

ಫೋನಿನಲ್ಲಿ ಕೇಳಲೇಬೇಕಾದ್ದು: ಯಾವ ಪ್ರಾಣಿ, ತೂಕ, ಯಾವಾಗ ಹೋಯಿತು, ಕಾಯಿಲೆಯೇನಿತ್ತು, ಇತ್ತೀಚೆಗೆ ಯಾರನ್ನಾದರೂ ಕಚ್ಚಿತ್ತೇ, ಮಹಡಿ ಮನೆಯಾದರೆ ಲಿಫ್ಟ್ ಇದೆಯೇ. ಹೆಸರನ್ನೂ ಕೇಳಿ. ಆಮೇಲಿನ ಮಾತಿನಲ್ಲಿ ‘ಬಾಡಿ’ ಎನ್ನದೆ ಆ ಹೆಸರನ್ನೇ ಬಳಸಿ.

ರೇಟು ಮುಚ್ಚಿಡಬೇಡಿ. ‘ಬೆಲೆಗೆ ಇನ್‌ಬಾಕ್ಸ್ ಮಾಡಿ’ ಎಂಬುದು ಈ ವ್ಯಾಪಾರದಲ್ಲಿ ಅನುಮಾನಕ್ಕೆ ದಾರಿ. ತೂಕದ ಪ್ರಕಾರ ನಾಲ್ಕು ಮೆಟ್ಟಿಲು ಮಾಡಿ: 5 ಕಿಲೋವರೆಗೆ, 15ರವರೆಗೆ, 30ರವರೆಗೆ, ಅದಕ್ಕೆ ಮೇಲ್ಪಟ್ಟು. ಹೂಳುವುದಕ್ಕೆ ಒಂದು, ಸುಡುವುದಕ್ಕೆ ಒಂದು, ವಾಹನಕ್ಕೆ ಕಿಲೋಮೀಟರಿಗಿಷ್ಟು. ಹೂಳುವ ಜಾಗ ಎಷ್ಟು ವರ್ಷಕ್ಕೆ, ಆಮೇಲೆ ಏನು ಎಂಬುದನ್ನೂ ಅಲ್ಲೇ ಬರೆಯಿರಿ. ‘ಶಾಶ್ವತ’ ಎಂಬ ಮಾತು ಕೊಡುವ ಮುನ್ನ ಜಮೀನು ನಿಮ್ಮ ಮಕ್ಕಳ ಕೈಗೆ ಹೋದ ಮೇಲಿನ ಕಾಲವನ್ನೂ ನೆನೆಯಿರಿ. ಫೋನಿನಲ್ಲಿ ₹4,500 ಹೇಳಿ ಬಾಗಿಲಲ್ಲಿ ₹6,000 ಕೇಳಿದರೆ ಅವರು ಆ ಕ್ಷಣ ಜಗಳ ಮಾಡದೆ ಕೊಟ್ಟಾರು. ಜಗಳ ಆಮೇಲೆ ಎಲ್ಲರೂ ಓದುವ ಜಾಗದಲ್ಲಿ ನಡೆಯುತ್ತದೆ.

ಬೆಲೆ ಕಟ್ಟುವಾಗ ಸುತ್ತಲೂ ನೋಡಿ. ಬೆಂಗಳೂರಿನ ಸುಮನಹಳ್ಳಿಯಲ್ಲಿ ಪಾಲಿಕೆ ಪ್ರಾಣಿಗಳಿಗೆಂದೇ ಚಿತಾಗಾರ ಮಾಡಿತು. ಕೆಂಗೇರಿ ಕಡೆ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ಆವರಣದಲ್ಲಿ ಹೂಳಲು ಜಾಗವಿದೆ. ಮುಂಬೈ ಪಾಲಿಕೆ 2023ರಲ್ಲಿ ಮಲಾಡ್‌ನಲ್ಲಿ ಪುಕ್ಕಟೆ ಸೇವೆಯನ್ನೇ ಶುರು ಮಾಡಿತು. ನಿಮ್ಮ ಸುತ್ತಲಿನ ಪಾಲಿಕೆಗಳೂ ಇಂದಲ್ಲ ನಾಳೆ ಈ ಕಡೆ ತಿರುಗಬಹುದು. ಆಗ ನಿಮ್ಮಲ್ಲಿ ಉಳಿಯುವ ಹೆಚ್ಚುಗಾರಿಕೆ ಮನೆ ಬಾಗಿಲಿಗೆ ಬರುವ ವಾಹನ ಮತ್ತು ಮರದ ನೆರಳು, ಅಗ್ಗದ ರೇಟಲ್ಲ.

ಹಂತ 5: ಮೂರು ಭಾಷೆ, ಒಂದು ಪುಟ

ವೆಬ್‌ಸೈಟ್ ದೊಡ್ಡದಾಗಿರಬೇಕಿಲ್ಲ. ಮೇಲೆ ಫೋನ್ ಗುಂಡಿ, ಕೆಳಗೆ ರೇಟು, ಅದರ ಕೆಳಗೆ ನಡೆಯುವ ಕ್ರಮ, ಅನುಮತಿಯ ಪ್ರತಿ, ನಕ್ಷೆ. ಹಿಂದೆ ಪಿಟೀಲು ಸಂಗೀತ, ಹಾರುವ ರೆಕ್ಕೆ, ಕಾಮನಬಿಲ್ಲು ಬೇಡ. ಹೊಲದ ಮಧ್ಯೆ ಸಿಗ್ನಲ್ ಒಂದು ಗೆರೆ ಇರುವ ಫೋನಿನಲ್ಲೂ ತೆರೆದುಕೊಳ್ಳಬೇಕು.

ಭಾಷೆಯ ವಿಚಾರ ಸ್ವಲ್ಪ ನಿಧಾನವಾಗಿ ನೋಡಬೇಕಾದ್ದು. ಜನ ಹುಡುಕುವುದು ಹೆಚ್ಚಾಗಿ ಇಂಗ್ಲಿಷ್ ಪದಗಳಲ್ಲಿ, ಇಲ್ಲವೇ ಇಂಗ್ಲಿಷ್ ಅಕ್ಷರದಲ್ಲಿ ಬರೆದ ತಮಿಳಿನಲ್ಲಿ. ಆದ್ದರಿಂದ ಇಂಗ್ಲಿಷ್ ಪುಟ, ತಮಿಳು ಪುಟ ಬೇಕೇ ಬೇಕು. ಕನ್ನಡದ ಪುಟ? ಧರ್ಮಪುರಿ, ಸೇಲಂ, ಹೊಸೂರು ಕಡೆಯ ಎಷ್ಟೋ ಕನ್ನಡ ಮನೆಗಳಲ್ಲಿ ಮಾತು ಕನ್ನಡ, ಓದು ತಮಿಳು. ಅವರಿಗೆ ಕನ್ನಡ ಲಿಪಿಯ ಪುಟ ಓದಲು ಬಾರದೆ ಇರಬಹುದು. ಆದರೆ ಅವರ ಮನೆಯಲ್ಲಿ ಅಳುವುದು ಕನ್ನಡದಲ್ಲಿ. ಅಂಥವರಿಗೆ ವಾಟ್ಸಾಪಿನಲ್ಲಿ ಮೂವತ್ತು ಸೆಕೆಂಡಿನ ಕನ್ನಡ ವಾಯ್ಸ್ ಮೆಸೇಜ್ ಕಳಿಸಿ ನೋಡಿ, ಆ ಕಡೆಯ ದನಿಯೇ ಬದಲಾಗುತ್ತದೆ. ಕನ್ನಡ ಲಿಪಿಯ ಪುಟ ಹೆಚ್ಚು ಕೆಲಸಕ್ಕೆ ಬರುವುದು ಕರ್ನಾಟಕದಿಂದ ಬಂದು ಹೊಸೂರಿನಲ್ಲಿ ನೆಲೆಸಿದವರಿಗೆ. ಯಾವ ಭಾಷೆಯಾದರೂ ಯಂತ್ರದ ಅನುವಾದವನ್ನು ಹಾಗೇ ಅಂಟಿಸಬೇಡಿ; ದುಃಖದ ಮನೆಯಲ್ಲಿ ಭಾಷೆ ಎಡವಿದರೆ ಅವಮಾನವಾದಂತೆ ಕೇಳುತ್ತದೆ.

ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕಾರು ರೀತಿ ಬರೆಯುತ್ತಾರೆ. ನಕ್ಷೆಯಲ್ಲಿ ಗೂಗಲ್ ಬಳಸುವ ಕಾಗುಣಿತವನ್ನೇ ಎಲ್ಲ ಕಡೆ ಬಳಸಿ.

ಪುಟದಲ್ಲಿ ಬರೆಯಲು ವಿಷಯವಿಲ್ಲ ಎನ್ನುವವರಿಗೆ ಈ ನೆಲದಲ್ಲೇ ಬಂಡವಾಳವಿದೆ. ‘ನಾಯಿಗೂ ಸಮಾಧಿ ಕಟ್ಟುವ ಕಾಲ ಬಂತಾ?’ ಎಂದು ಮೂಗು ಮುರಿಯುವವರು ಇದನ್ನು ಪೇಟೆಯ ಹೊಸ ಶೋಕಿ ಎಂದುಕೊಂಡಿದ್ದಾರೆ. ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಸಾಕುಪ್ರಾಣಿಗಳ ಸ್ಮಶಾನ ಶುರುವಾದದ್ದು 1881ರಲ್ಲಿ. ನಮ್ಮಲ್ಲಿ ಅದಕ್ಕಿಂತ ಒಂಬತ್ತು ಶತಮಾನಕ್ಕೂ ಹಿಂದೆ, ಕ್ರಿ.ಶ. 949–50ರ ಸುಮಾರಿಗೆ, ಈಗಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕಾಳಿ ಎಂಬ ಬೇಟೆನಾಯಿಗೆ ಕಲ್ಲು ನಿಂತಿತ್ತು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ಅರಸ ಬೂತುಗ ಏನು ಬೇಕೆಂದು ಕೇಳಿದಾಗ ಅವನು ಕೇಳಿದ್ದು ಆ ನಾಯಿಯನ್ನು. ಅದು ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಇನ್ನೂ ಹತ್ತಿರಕ್ಕೆ ಬಂದರೆ, ತಿರುವಣ್ಣಾಮಲೈ ಜಿಲ್ಲೆಯ ಎಡುತ್ತನೂರಿನಲ್ಲಿ ಪಲ್ಲವ ಮಹೇಂದ್ರವರ್ಮನ ಕಾಲದ ವೀರಗಲ್ಲಿದೆ. ದನಗಳ್ಳರೊಡನೆ ಹೋರಾಡಿ ಸತ್ತ ವೀರನ ಪಕ್ಕದಲ್ಲಿ ನಿಂತ ನಾಯಿಯ ಹೆಸರನ್ನೂ ಆ ಕಲ್ಲು ಹೇಳುತ್ತದೆ: ಕೋವಿವನ್. ಕಳ್ಳರಿಬ್ಬರನ್ನು ಅದು ಕಚ್ಚಿತಂತೆ. ಆ ಎರಡು ಕಲ್ಲುಗಳ ಬಗ್ಗೆ ಎರಡು ಪ್ಯಾರಾ, ಒಂದೊಂದು ಫೋಟೋ. ಊರವರ ಮೂಗು ಮುರಿತಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಹಣ ಕೊಟ್ಟರೂ ಸಿಗುವುದಿಲ್ಲ.

ವಿಧಿಯ ವಿಚಾರದಲ್ಲಿ ಊಹೆ ಬೇಡ. ಕರ್ಪೂರ ಹಚ್ಚುವವರಿರುತ್ತಾರೆ, ಪ್ರಾರ್ಥನೆ ಮಾಡುವವರಿರುತ್ತಾರೆ, ಏನೂ ಬೇಡವೆಂದು ಕಾರಿನಲ್ಲೇ ಕೂರುವವರೂ ಇರುತ್ತಾರೆ. ‘ನಿಮ್ಮ ಪದ್ಧತಿಯಂತೆ, ನಿಮಗೆ ಬೇಕಾದಷ್ಟು ಹೊತ್ತು’ ಎಂಬ ಒಂದು ಸಾಲು ಸಾಕು.

ಹಂತ 6: ಪಶುವೈದ್ಯರ ಫೋನಿನಲ್ಲಿ ನಿಮ್ಮ ನಂಬರ್

ನಾಯಿ ಸತ್ತಾಗ ಜನ ಮೊದಲು ಫೋನ್ ಮಾಡುವುದು ಗೂಗಲ್‌ಗಲ್ಲ, ಡಾಕ್ಟರಿಗೆ. ಧರ್ಮಪುರಿ, ಹರೂರು, ಕೃಷ್ಣಗಿರಿ, ಸೇಲಂನ ಕ್ಲಿನಿಕ್‌ಗಳ ಪಟ್ಟಿ ಮಾಡಿ, ಖುದ್ದಾಗಿ ಹೋಗಿ. ನಾಮಕ್ಕಲ್‌ನಲ್ಲಿ ಪಶುವೈದ್ಯ ಕಾಲೇಜಿದೆ. ಅಲ್ಲಿಗೆ ಈ ಜಿಲ್ಲೆಗಳಿಂದ ಕಾಯಿಲೆಯ ನಾಯಿಗಳು ಹೋಗುತ್ತವೆ, ಎಲ್ಲವೂ ವಾಪಸ್ ಬರುವುದಿಲ್ಲ. ಕೈಯಲ್ಲಿ ಕರಪತ್ರದ ಕಟ್ಟು ಬೇಡ. ನಿಮ್ಮ ಹೆಸರು, ನಂಬರ್, ನಕ್ಷೆಯ ಕೊಂಡಿ ಇರುವ ಕಾಂಟ್ಯಾಕ್ಟ್ ಕಾರ್ಡನ್ನು ಅವರ ಎದುರೇ ವಾಟ್ಸಾಪ್ ಮಾಡಿ, ಸೇವ್ ಮಾಡಿಕೊಳ್ಳಲು ಕೇಳಿ. ಕಾಂಪೌಂಡರಿಗೂ ಕಳಿಸಿ, ರಾತ್ರಿ ಫೋನ್ ಎತ್ತುವುದು ಅವರೇ. ಕಾಯುವ ಕೋಣೆಯಲ್ಲಿ ಪೋಸ್ಟರ್ ಅಂಟಿಸಲು ಕೇಳಬೇಡಿ. ಹುಷಾರಿಲ್ಲದ ನಾಯಿಯನ್ನು ತೊಡೆಯ ಮೇಲಿಟ್ಟುಕೊಂಡವರು ಎದುರಿಗೆ ಚಿತಾಗಾರದ ಪೋಸ್ಟರ್ ನೋಡಬಾರದು.

ಕಮಿಷನ್ ಕೊಡಬೇಕೇ? ನನ್ನ ಅಭಿಪ್ರಾಯದಲ್ಲಿ ಖಂಡಿತ ಕೂಡದು. ದಯಾಮರಣದ ಸಲಹೆ ಕೊಡುವ ವ್ಯಕ್ತಿಗೆ ಅಂತ್ಯಕ್ರಿಯೆಯಿಂದ ಹಣ ಬರುತ್ತದೆಂದು ಒಬ್ಬ ಗಿರಾಕಿಗೆ ಗೊತ್ತಾದರೂ ಇಬ್ಬರ ಹೆಸರೂ ಹಾಳು. ಕೇಳಿದ ಕ್ಲಿನಿಕ್ಕನ್ನು ಪಟ್ಟಿಯಿಂದ ತೆಗೆಯುವುದು ನಷ್ಟವಲ್ಲ.

ಹಂತ 7: ಹಣ ಕೊಟ್ಟು ಜಾಹೀರಾತು

ಮೇಲಿನದೆಲ್ಲ ಮುಗಿದ ಮೇಲೆ, ದಿನಕ್ಕೆ ₹150–200ರಿಂದ ಶುರು ಮಾಡಿ. ಗೂಗಲ್ ಹುಡುಕಾಟದ ಜಾಹೀರಾತು ಮಾತ್ರ. ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಹಣ ಹಾಕಬೇಡಿ. ನಗುವ ಮಗುವಿನ ರೀಲಿನ ನಂತರ ಸತ್ತ ನಾಯಿಯ ಜಾಹೀರಾತು ಯಾರಿಗೂ ಬೇಡ.

ಹೊಸಬರು ಹಣ ಕಳೆದುಕೊಳ್ಳುವ ಸೆಟ್ಟಿಂಗ್ ಒಂದಿದೆ. ಜಾಗ ಆರಿಸುವಾಗ ಗೂಗಲ್ ತಾನಾಗಿ ‘ಆ ಊರಲ್ಲಿರುವವರು ಅಥವಾ ಆ ಊರಿನ ಬಗ್ಗೆ ಆಸಕ್ತಿ ತೋರಿದವರು’ ಎಂದು ಇಟ್ಟಿರುತ್ತದೆ. ಅದನ್ನು ‘ಆ ಊರಲ್ಲಿರುವವರು’ ಎಂದಷ್ಟೇ ಬದಲಿಸಿ. ಇಲ್ಲವಾದರೆ ಸೇಲಂ ಬಗ್ಗೆ ಓದುತ್ತಿರುವ ಬೇರೆ ಊರಿನವರ ಕ್ಲಿಕ್ಕಿಗೂ ನೀವು ದುಡ್ಡು ಕೊಡುತ್ತೀರಿ. ಅಮೆರಿಕದಲ್ಲೂ ಸೇಲಂಗಳಿವೆ ಎಂಬುದು ನೆನಪಿರಲಿ.

ಬೇಡದ ಪದಗಳ ಪಟ್ಟಿಯನ್ನೂ ಮೊದಲ ದಿನವೇ ಹಾಕಿ: ಉದ್ಯೋಗ, ಸಂಬಳ, ಮಷಿನ್ ಬೆಲೆ, ಮನುಷ್ಯರ ಸ್ಮಶಾನದ ಹೆಸರುಗಳು, ಸಿನಿಮಾ, ನಾವೆಲ್, ಡೌನ್‌ಲೋಡ್. ಸಿನಿಮಾ ಯಾಕೆಂದರೆ ‘ಪೆಟ್ ಸೆಮಟರಿ’ ಎಂಬ ಸ್ಟೀಫನ್ ಕಿಂಗ್‌ನ 1983ರ ಕಾದಂಬರಿಯಿದೆ, ಅದರ ಮೇಲೆ 1989ರಲ್ಲೂ 2019ರಲ್ಲೂ ಸಿನಿಮಾ ಬಂದಿದೆ. ಹೆದರಲು ಸಿನಿಮಾ ಹುಡುಕುವವರ ಕ್ಲಿಕ್ ನಿಮಗೆ ಬೇಡ. ವಾರಕ್ಕೊಮ್ಮೆ ಜನ ನಿಜಕ್ಕೂ ಏನು ಟೈಪ್ ಮಾಡಿ ಬಂದರೆಂಬ ವರದಿ ತೆರೆದು ನೋಡಿ ಪಟ್ಟಿ ಬೆಳೆಸಿ. ಫೋನ್ ಎತ್ತುವ ಗಂಟೆಗಳಲ್ಲಿ ಮಾತ್ರ ಜಾಹೀರಾತು ಓಡಲಿ.

ಒಮ್ಮೆ ನಿಮ್ಮ ಪುಟಕ್ಕೆ ಬಂದವರನ್ನು ಬೇರೆ ಸೈಟುಗಳಲ್ಲೂ ಹಿಂಬಾಲಿಸುವ ಜಾಹೀರಾತಿನ ತಂತ್ರವಿದೆ. ಮರಣಶೋಕದಂಥ ವಿಷಯದಲ್ಲಿ ಗೂಗಲ್ ನಿಯಮಗಳೇ ಅದಕ್ಕೆ ಅಡ್ಡ ನಿಲ್ಲುತ್ತವೆ. ನಿಯಮವಿಲ್ಲದಿದ್ದರೂ ಮಾಡಬಾರದ ಕೆಲಸ ಅದು.

ಹಂತ 8: ರಿವ್ಯೂ, ಫೋಟೋ

ಬೂದಿಯ ಡಬ್ಬಿ ಕೈಗಿಟ್ಟು ಅದೇ ಉಸಿರಿನಲ್ಲಿ ‘ಫೈವ್ ಸ್ಟಾರ್ ಕೊಡಿ ಸಾರ್’ ಎನ್ನಬೇಡಿ. ಎರಡು ವಾರ ಬಿಟ್ಟು, ಹೇಗಿದ್ದೀರಿ ಎಂದು ಕೇಳಿ ಒಂದು ಮೆಸೇಜ್, ಕೊನೆಯಲ್ಲಿ ಕೊಂಡಿ, ‘ಮನಸ್ಸಿದ್ದರೆ ಮಾತ್ರ’ ಎಂಬ ಮಾತು. ಬರೆಯದಿದ್ದರೆ ಮತ್ತೆ ಕೇಳಬೇಡಿ. ರಿವ್ಯೂಗೆ ಬದಲಾಗಿ ರಿಯಾಯಿತಿ, ಉಡುಗೊರೆ ಕೊಡುವುದನ್ನು ಗೂಗಲ್ ನಿಷೇಧಿಸಿದೆ. ಬಂದ ಕೆಟ್ಟ ರಿವ್ಯೂಗೆ ವಾದ ಹೂಡದೆ, ನಡೆದದ್ದನ್ನು ಎರಡು ಸಾಲಿನಲ್ಲಿ ಒಪ್ಪಿ ಅಥವಾ ತಿದ್ದಿ, ಫೋನ್ ನಂಬರ್ ಕೊಡಿ. ಅದನ್ನು ಓದುವವರು ಮುಂದಿನ ಗಿರಾಕಿಗಳು.

ಸತ್ತ ಪ್ರಾಣಿಯ ಫೋಟೋ ಎಲ್ಲೂ ಹಾಕಬೇಡಿ. ಬದುಕಿದ್ದಾಗಿನ ಫೋಟೋ ಮನೆಯವರೇ ಕೊಟ್ಟರೆ, ವಾಟ್ಸಾಪಿನಲ್ಲಿ ಒಪ್ಪಿಗೆ ಬರೆಸಿಕೊಂಡು ಹಾಕಬಹುದು. ಬೇಡವೆಂದ ದಿನ ತೆಗೆಯಬೇಕು. ವೈಯಕ್ತಿಕ ಮಾಹಿತಿ ರಕ್ಷಣೆಗೆ 2023ರ ಕಾಯ್ದೆ ಬಂದಿದೆ, ಒಪ್ಪಿಗೆ ಈಗ ಬರೀ ಸೌಜನ್ಯವಲ್ಲ. ಹಿನ್ನೆಲೆಯಲ್ಲಿ ಮನೆಯ ನಾಮಫಲಕ, ಕಾರಿನ ನಂಬರ್ ಕಾಣುತ್ತಿದ್ದರೆ ಮರೆಮಾಡಿ. ನಿಮ್ಮ ಸ್ವಂತ ಫೋಟೋಗಳು ಗೇಟು, ವಾಹನದ ಒಳಭಾಗ, ನೆರಳು, ಕೂರಲು ಬೆಂಚು, ನೀರಿನ ನಲ್ಲಿ, ಆ ಲೋಹದ ಬಿಲ್ಲೆ. ಬೆಳಗಿನ ಬಿಸಿಲಿನಲ್ಲಿ ಫೋನಿನಲ್ಲೇ ತೆಗೆದರೆ ಸಾಕು.

ಹಂತ 9: ಲೆಕ್ಕದ ಪುಸ್ತಕ

ಪ್ರತಿ ಕರೆಗೂ ಒಂದು ಸಾಲು: ದಿನಾಂಕ, ಊರು, ಪ್ರಾಣಿ, ತೂಕ, ಎಲ್ಲಿಂದ ನಂಬರ್ ಸಿಕ್ಕಿತು, ಕೆಲಸವಾಯಿತೇ, ಆಗದಿದ್ದರೆ ಯಾಕೆ. ಕೊನೆಯ ಕಾಲಂ ಎಲ್ಲಕ್ಕಿಂತ ಮುಖ್ಯ. ‘ಎತ್ತಲಿಲ್ಲ’ ಎಂಬುದು ಪದೇ ಪದೇ ಬರುತ್ತಿದ್ದರೆ ಜಾಹೀರಾತು ನಿಲ್ಲಿಸಿ, ಇನ್ನೊಬ್ಬರನ್ನು ಫೋನಿಗೆ ಇಡಿ.

ತೆರಿಗೆಯ ವಿಚಾರವನ್ನು ಊಹೆಗೆ ಬಿಡಬೇಡಿ. 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ ಮೂರನೇ ಅನುಸೂಚಿ ಅಂತ್ಯಕ್ರಿಯೆ, ಹೂಳುವಿಕೆ, ಚಿತಾಗಾರದ ಸೇವೆಗಳನ್ನು ತೆರಿಗೆಯ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಅದು ನಾಯಿ ಬೆಕ್ಕಿಗೂ ಅನ್ವಯವೆಂದು ನೀವೇ ತೀರ್ಪು ಕೊಟ್ಟುಕೊಂಡು ‘ಜಿಎಸ್‌ಟಿ ಇಲ್ಲ’ ಎಂದು ಬೋರ್ಡು ಹಾಕಬೇಡಿ. ತೆರಿಗೆ ಸಲಹೆಗಾರರಿಂದ ಬರಹದಲ್ಲಿ ಅಭಿಪ್ರಾಯ ತೆಗೆದುಕೊಳ್ಳಿ.

ಮೂರು ತಿಂಗಳಾದ ಮೇಲೆ ಪುಸ್ತಕ ತೆರೆದು ಊರಿನ ಕಾಲಂ ಮೇಲೆ ಬೆರಳಾಡಿಸಿ. ಹೊಸೂರಿನಿಂದ ಕರೆ ಬಂದು, ದೂರ ಕೇಳಿ ‘ಯೋಚನೆ ಮಾಡ್ತೀವಿ’ ಎಂದವರೇ ಹೆಚ್ಚಾಗಿದ್ದರೆ ಹೊಸೂರನ್ನು ಜಾಹೀರಾತಿನಿಂದ ತೆಗೆಯಿರಿ, ನಕ್ಷೆಯ ಪಟ್ಟಿಯಲ್ಲಿ ಮಾತ್ರ ಉಳಿಸಿ. ಧರ್ಮಪುರಿ, ಕೃಷ್ಣಗಿರಿಯ ಕೆಲಸಗಳು ಹೆಚ್ಚಾಗಿ ಡಾಕ್ಟರ ಮೂಲಕ ಬರುತ್ತಿದ್ದರೆ ಅಲ್ಲಿ ಜಾಹೀರಾತಿಗೆ ಹಣವೇ ಬೇಡ. ಉಳಿದ ದುಡ್ಡಿನಲ್ಲಿ ವಾಹನಕ್ಕೊಂದು ಮಡಚುವ ಸ್ಟ್ರೆಚರ್ ಕೊಳ್ಳಿ. ಲಿಫ್ಟಿಲ್ಲದ ಮೂರನೇ ಮಹಡಿಯಿಂದ ನಲವತ್ತು ಕಿಲೋ ಜರ್ಮನ್ ಶೆಫರ್ಡನ್ನು ಇಬ್ಬರು ಬೆಡ್‌ಶೀಟಿನಲ್ಲಿ ಇಳಿಸುವುದನ್ನು ಅಕ್ಕಪಕ್ಕದ ಮನೆಯವರೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಾರೆ. ಅವರ ಮನೆಗಳಲ್ಲೂ ನಾಯಿಗಳಿವೆ.